ಮಗಳು ಗೊಣಗಿಕೊಳ್ಳಲಿ, ಬಿಡಿ

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಏಳನೇ ತರಗತಿಯ ನನ್ನ ಮಗಳು ಥ್ರೋಬಾಲ್ ಸರ್ವಿಸ್ ಮಾಡುವಾಗ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಾಳೆ. ಪಿ.ಟಿ. ಮೇಷ್ಟ್ರು 'ಬಾಯಿ ಮುಚ್ಚಿ ಆಡು' ಎಂದು ಗದರಿದರಂತೆ. ಈ ಅಭ್ಯಾಸ ಬಿಡಿಸಬೇಕೇ?"

ಬೇಡ ತಾಯಿ, ದಯವಿಟ್ಟು ಬಿಡಿಸಬೇಡಿ. ಮೇಷ್ಟ್ರ ಕಷ್ಟವೂ ಇದೆ ಅನ್ನಿ, ಐವತ್ತು ಮಕ್ಕಳು ಒಟ್ಟಿಗೆ ಬಾಯಿಬಿಟ್ಟರೆ ಸೀಟಿ ಕೇಳಿಸುವುದಿಲ್ಲ. ಆದರೆ ನಿಮ್ಮ ಮಗಳು ಗಲಾಟೆ ಮಾಡುತ್ತಿಲ್ಲ, ಕಲಿಯುತ್ತಿದ್ದಾಳೆ.

ಕೆಲಸ ಕಷ್ಟವಾದಷ್ಟೂ ಮಕ್ಕಳು ತಮ್ಮೊಂದಿಗೆ ತಾವೇ ಜಾಸ್ತಿ ಮಾತಾಡುತ್ತಾರೆ. ರಷ್ಯಾದ ಮನೋವಿಜ್ಞಾನಿ ವೈಗೋಟ್‌ಸ್ಕಿ ಇದನ್ನು ಗಮನಿಸಿ ಸುಮಾರು ನೂರು ವರ್ಷವಾಯಿತು. ದೊಡ್ಡವರು ಹೇಳಿಕೊಟ್ಟದ್ದು ಮೊದಲು ಮಗುವಿನ ಬಾಯಿಗೆ ಬರುತ್ತದೆ, ಆಮೇಲೆ ಮನಸ್ಸಿನೊಳಗೆ ಇಳಿಯುತ್ತದೆ. 2011ರಲ್ಲಿ ಗ್ರೀಸ್‌ನ ಸಂಶೋಧಕರು ಆಟಗಾರರ ಸ್ವಗತದ ಮೇಲಿನ 32 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಲಾಭ ಇದೆ. ಹೊಸದಾಗಿ ಕಲಿಯುವ ಆಟಕ್ಕೆ, ನಾಜೂಕು ಬೇಕಾದ ಕೌಶಲಕ್ಕೆ ಇನ್ನೂ ಹೆಚ್ಚು. ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಬಹುಪಾಲು ಹೊಸದೇ ಅಲ್ವಾ?

ಅವಳು ಏನು ಹೇಳಿಕೊಳ್ಳುತ್ತಾಳೆ ಎಂದು ಮಾತ್ರ ಕೇಳಿ ನೋಡಿ. "ನನ್ನ ಕೈಲಾಗುತ್ತೆ" ಅನ್ನುವುದು ದಮ್ಮು ಕಟ್ಟಿ ಓಡುವಾಗ ಒಳ್ಳೆಯದೇ. ಸರ್ವಿಸ್‌ಗೆ ಕೆಲಸದ ಮಾತು ಬೇಕು: "ಕೈ ಮೇಲೆ, ಕಣ್ಣು ಮೂಲೆಗೆ." ಅಷ್ಟು ಸಾಕು. ಥ್ರೋಬಾಲ್‌ನಲ್ಲಿ ಹಿಡಿದ ಚೆಂಡನ್ನು 3 ಸೆಕೆಂಡಿನೊಳಗೆ ಎಸೆಯಬೇಕು, ಉದ್ದುದ್ದ ಹೇಳಿಕೊಳ್ಳಲು ಪುರುಸೊತ್ತೆಲ್ಲಿ? "ನೆಟ್‌ಗೆ ಹೊಡೀಬೇಡ" ಎಂದುಕೊಳ್ಳುವುದು ಬೇಡ, ಗಮನವೆಲ್ಲ ನೆಟ್ ಮೇಲೇ ಹೋಗುತ್ತದೆ.

ನಮ್ಮ ಬಡಾವಣೆಯ ಮೈದಾನದಲ್ಲಿ ಒಬ್ಬ ಹುಡುಗ ಲಾಂಗ್ ಜಂಪ್‌ಗೆ ಓಡುತ್ತಾ "ಹಲಗೆ, ಹಲಗೆ, ಮೇಲೆ!" ಅನ್ನುತ್ತಿದ್ದ. ಕಾಲು ಸರಿಯಾಗಿ ಹಲಗೆಗೇ ಬಿತ್ತು. ಅವನ ಹಿಂದೆ ಸಾಲಿನಲ್ಲಿ ನಿಂತಿದ್ದವನು ಪಿಸುಗುಟ್ಟುತ್ತಿದ್ದದ್ದು "ನಾನು ದಂಡ, ನಾನು ದಂಡ." ಹನ್ನೆರಡು ವರ್ಷದ ಮಗು ಅದನ್ನು ತಾನಾಗಿ ಕಲಿತಿರುತ್ತದೆಯೇ? ಯಾರೋ ದೊಡ್ಡವರು ದಿನಾ ಹೇಳಿರಬೇಕು. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಬೈಗುಳಕ್ಕೆ ನಮ್ಮಲ್ಲಿ ಬರವಿಲ್ಲ. ಮೊಣಕೈ ಎಲ್ಲಿರಬೇಕು, ಕಾಲು ಎಲ್ಲಿ ಊರಬೇಕು ಎಂದು ಹೇಳಿಕೊಡಲು ಮಾತ್ರ ಸಮಯವಿಲ್ಲ. ಸಮಯ ಎಲ್ಲಿಂದ ಬರಬೇಕು? ಪರೀಕ್ಷೆ ಹತ್ತಿರ ಬಂದರೆ ಗಣಿತದವರು ಮೊದಲು ಕೈ ಹಾಕುವುದೇ ಪಿ.ಟಿ. ಪೀರಿಯಡ್‌ಗೆ. ಪೋಷಕರಾದ ನಾವೂ ಸುಮ್ನೆ ಒಪ್ಪಿಕೊಳ್ಳುತ್ತೇವೆ.

ಮುಂದಿನ ಪೋಷಕರ ಸಭೆಗೆ ಹೋದಾಗ ಅಂಕಪಟ್ಟಿ ನೋಡುವ ಮೊದಲು, ಈ ತಿಂಗಳು ಎಷ್ಟು ಪಿ.ಟಿ. ಪೀರಿಯಡ್ ನಿಜವಾಗಿ ನಡೆದವು ಎಂದು ಕೇಳಿ. ಮೇಷ್ಟ್ರನ್ನೂ ಕಂಡು, "ಸರ್, ನನ್ನ ಮಗಳಿಗೆ ಸರ್ವಿಸ್‌ಗೆ ಎರಡು ಮಾತು ಹೇಳಿಕೊಡಿ" ಎನ್ನಿ.

— ಸಂಪಾದಕ