ರಾಮನಿಂದ ಮಾವಿನಹಣ್ಣು ತಿನ್ನಲ್ಪಟ್ಟಿದ್ದು ಯಾವಾಗ, ಮೇಷ್ಟ್ರೇ?

ಮೇಷ್ಟ್ರೇ, ನಮಸ್ಕಾರ.

ಎಸ್‌ಎಸ್‌ಎಲ್‌ಸಿ ಮಕ್ಕಳಿಗೆಂದು ನೀವು ಬರೆದು ಕಳಿಸಿದ ‘ಹತ್ತೇ ನಿಮಿಷದಲ್ಲಿ ಆಕ್ಟಿವ್–ಪ್ಯಾಸಿವ್’ ಎಂಬ ಇಂಗ್ಲಿಷ್ ವ್ಯಾಕರಣದ ಪಾಠ ತಲುಪಿತು. ಆರು ಪುಟ. ಅಕ್ಷರ ದುಂಡಗಿದೆ. ಟೆನ್ಸ್‌ಗಳ ಪಟ್ಟಿಯಲ್ಲಿ ಒಂದೂ ತಪ್ಪಿಲ್ಲ. ‘ಈಸ್ ಈಟನ್’, ‘ವಾಸ್ ಈಟನ್’, ‘ಹ್ಯಾಸ್ ಬೀನ್ ಈಟನ್’ ಎಲ್ಲ ತಂತಮ್ಮ ಮನೆಯಲ್ಲಿ ಸರಿಯಾಗಿ ಕೂತಿವೆ. ನಮ್ಮ ಪತ್ರಿಕೆಯ ಮಕ್ಕಳ ಪುಟಕ್ಕೆ ಇಂಥದ್ದು ಬೇಕೇ ಬೇಕು. ಹೊಗಳಿಕೆ ಇಷ್ಟು.

ಎರಡನೇ ಪುಟದ ಮೂರನೇ ಸಾಲಿಗೆ ಬಂದಾಗ ಕಾಫಿ ಲೋಟ ಕೆಳಗಿಟ್ಟೆ.

“ರಾಮನು ಮಾವಿನಹಣ್ಣನ್ನು ತಿಂದನು. ರಾಮನಿಂದ ಮಾವಿನಹಣ್ಣು ತಿನ್ನಲ್ಪಟ್ಟಿತು.”

ನೀವು ಶ್ರೀನಿವಾಸಪುರದ ಕಡೆಯವರು. ಶಾಲೆಯ ಸುತ್ತ ಮಾವಿನ ತೋಪು ಅಂತ ಪತ್ರದಲ್ಲಿ ಬರೆದಿದ್ದೀರಿ. ನಿಮ್ಮೂರಲ್ಲಿ ಯಾರಾದರೂ, ಯಾವತ್ತಾದರೂ, ಹಣ್ಣು ತಿನ್ನಲ್ಪಟ್ಟಿತು ಅಂದದ್ದನ್ನು ಕೇಳಿದ್ದೀರಾ? ತೋಪಿಗೆ ಕೋತಿ ನುಗ್ಗಿದರೆ ಕಾವಲಿನವನು “ಸಾರ್, ಕೋತಿಗಳಿಂದ ಕಾಯಿಗಳು ಉದುರಿಸಲ್ಪಟ್ಟವು” ಅಂತ ಓಡಿ ಬರುತ್ತಾನಾ? “ಕೋತಿ ಬಿದ್ದು ಕಾಯೆಲ್ಲಾ ಹಾಳು ಮಾಡಿಬಿಟ್ವು ಸಾರ್” ಅನ್ನುತ್ತಾನೆ, ಅಲ್ವಾ?

ಕನ್ನಡ ವ್ಯಾಕರಣದಲ್ಲೂ ಪ್ಯಾಸಿವ್, ಅಂದರೆ ಕರ್ಮಣಿ ಪ್ರಯೋಗ, ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಧಾತುವಿಗೆ ‘ಅಲ್ಪಡು’ ಹಚ್ಚುವುದು, ಕರ್ತೃವಿಗೆ ‘ಇಂದ’ ಹಚ್ಚುವುದು. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಅಂತ ನಾನೂ ಉರು ಹೊಡೆದವನೇ. ಪರೀಕ್ಷೆಯಲ್ಲಿ ಬರೆದು, ಹೊರಗೆ ಬಂದ ಮೇಲೆ ಅದನ್ನು ಇನ್ನೊಂದು ಸಲ ಆಡಲಿಲ್ಲ. ‘ಪಡು’ ಪಾಪ ಒಳ್ಳೆಯ ಮಾತು. ಕಷ್ಟಪಡು, ಸಂತೋಷಪಡು, ಆಸೆಪಡು. ಅದಕ್ಕೆ ‘ಅಲ್’ ಜೋಡಿಸಿ ಹಣ್ಣಿನ ಮೇಲೆ ಹೇರಿದಾಗಲೇ ತೊಂದರೆ ಶುರು.

ಸಿಟ್ಟಿಗೆ ಕಾರಣ ಭಾಷೆಯ ಮಡಿ ಅಲ್ಲ ಮೇಷ್ಟ್ರೇ. ಮಗುವಿಗೆ ಇಂಗ್ಲಿಷ್ ಗೊತ್ತಿಲ್ಲ ಅಂತ ನೀವು ಕನ್ನಡದಲ್ಲಿ ಹೇಳಿಕೊಡಲು ಹೊರಟಿರಿ. ಆದರೆ ಹೇಳಿಕೊಟ್ಟ ಕನ್ನಡವೂ ಅದಕ್ಕೆ ಗೊತ್ತಿಲ್ಲದ ಕನ್ನಡವೇ. ಈಗ ಅದು ಎರಡು ಪರಭಾಷೆ ಕಲಿಯಬೇಕು.

ಇದು ನನ್ನನ್ನು ಯಾಕಿಷ್ಟು ಚುಚ್ಚುತ್ತದೆ ಅಂತ ಹೇಳಿಬಿಡುತ್ತೇನೆ. 1987ರಲ್ಲಿ ಬೆಂಗಳೂರಿನ ಒಂದು ದಿನಪತ್ರಿಕೆಯಲ್ಲಿ ಟ್ರೈನಿಯಾಗಿ ಸೇರಿದೆ. ಟೆಲಿಪ್ರಿಂಟರ್ ಟಕಟಕ ಅಂತ ಇಂಗ್ಲಿಷ್ ಸುದ್ದಿ ಉಗುಳುತ್ತಿತ್ತು, ಹರಿದುಕೊಂಡು ಬಂದು ಕನ್ನಡ ಮಾಡಬೇಕು. ಮೊದಲ ರಾತ್ರಿ ನನ್ನ ಕೈಗೆ ಬಂದದ್ದು ಒಂದು ಬಸ್ ಅಪಘಾತ. ‘ತ್ರೀ ಪರ್ಸನ್ಸ್ ವರ್ ಕಿಲ್ಡ್’ ಅಂತಿತ್ತು. ನಾನು ‘ಮೂವರು ಕೊಲ್ಲಲ್ಪಟ್ಟರು’ ಅಂತ ಬರೆದೆ. ಸುದ್ದಿ ತಿದ್ದುವ ಡೆಸ್ಕಿನ ಮುಖ್ಯಸ್ಥರಾದ ಚೀಫ್ ಸಬ್ ಓದಿದರು. ಕನ್ನಡಕದ ಮೇಲಿಂದ ನನ್ನನ್ನೇ ನೋಡಿ, “ಯಾರಯ್ಯಾ ಕೊಂದಿದ್ದು? ಡ್ರೈವರ್ ಮಚ್ಚು ಹಿಡಿದಿದ್ನಾ?” ಅಂದರು. ಡೆಸ್ಕಿನಲ್ಲಿದ್ದವರೆಲ್ಲ ನಕ್ಕರು. ಅವರು ನಗಲಿಲ್ಲ. ಕೆಂಪು ಪೆನ್ನು ತೆಗೆದು ಆ ಒಂದು ಹಾಳೆಯಲ್ಲಿದ್ದ ‘ಪಟ್ಟ’ಗಳಿಗೆಲ್ಲ ಸುತ್ತು ಹಾಕಿದರು. ಹದಿನಾಲ್ಕು. “ಮನೇಲಿ ಹಾಲು ಉಕ್ಕಿದ್ರೆ ನಿಮ್ಮಮ್ಮ ಏನಂತಾರೆ?” ಅಂತ ಕೇಳಿದರು. “ಹಾಲು ಉಕ್ಕಿಹೋಯ್ತು ಅಂತಾರೆ ಸಾರ್.” “ಹಾಗಾದ್ರೆ ಹೋಗಿ ನಿಮ್ಮಮ್ಮನ ಹಾಗೆ ಬರ್ಕೊಂಡು ಬಾ.”

ಬೆಳಗಿನ ಜಾವದ ತನಕ ಮತ್ತೆ ಮತ್ತೆ ಬರೆದೆ. ಆಗ ಗೊತ್ತಾದದ್ದು ಏನೆಂದರೆ, ಇಂಗ್ಲಿಷಿನವರು ಪ್ಯಾಸಿವ್ ಬಳಸುವ ಜಾಗದಲ್ಲಿ ನಾವೇನೂ ಬಾಯಿ ಮುಚ್ಚಿಕೊಂಡು ಕೂತಿಲ್ಲ. ನಮ್ಮದು ಬೇರೆ ದಾರಿ. ನಿಮ್ಮ ಆರು ಪುಟದಲ್ಲಿ ಆ ದಾರಿ ಒಂದು ಸಲವೂ ಬರಲಿಲ್ಲ.

ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು ಮನೆಗೆ ಬಂದು ಹೇಳುತ್ತಾನೆ: “ಮತ್ತೆ ರಸ್ತೆ ಅಗೆದಿದ್ದಾರೆ.” ಯಾರು ಅಗೆದದ್ದು? ಅವನು ಹೇಳಲಿಲ್ಲ, ಕೇಳಿದವರಿಗೂ ಬೇಕಿಲ್ಲ. ಇದೇ ಇಂಗ್ಲಿಷಿನಲ್ಲಿ ‘ದಿ ರೋಡ್ ಹ್ಯಾಸ್ ಬೀನ್ ಡಗ್ ಅಪ್’. ‘ಸಂತೇಲಿ ಪರ್ಸ್ ಹೊಡೆದ್ರು’ ಅಂದರೆ ‘ಮೈ ಪರ್ಸ್ ವಾಸ್ ಸ್ಟೋಲನ್’. ಎಪಿಎಂಸಿಯ ಮಂಡಿಯಲ್ಲಿ ಹದಿನೈದು ಕೆಜಿ ಬಾಕ್ಸಿನ ಟೊಮೆಟೊ ‘ಹರಾಜಾಯ್ತು’, ‘ಲೋಡಾಯ್ತು’ ಅನ್ನುತ್ತೇವೆ. ಹರಾಜು ಕೂಗಿದವನ ಹೆಸರು ಯಾರಿಗೆ ಬೇಕು? ಆ ‘ಆಯ್ತು’ ಇದೆಯಲ್ಲ, ಅದೇ ಇಲ್ಲಿ ಇಂಗ್ಲಿಷಿನ ‘ವಾಸ್’ ಮತ್ತು ವಿ-ತ್ರೀ, ಅಂದರೆ ‘ಈಟನ್’, ‘ಸ್ಟೋಲನ್’ ಥರದ ಕ್ರಿಯಾಪದದ ಮೂರನೇ ರೂಪ. ಮಂಡಿಗೆ ಹೋಗಿ ಬಂದ ಮಗು ‘ಟೊಮೆಟೋಸ್ ಆಕ್ಷನ್ಡ್’ ಅಂತ ಬರೆದು ‘ವರ್’ ಬಿಟ್ಟರೆ, ತಪ್ಪು ಎಲ್ಲಿಂದ ಬಂತು ಅಂತ ನಿಮಗೆ ತಕ್ಷಣ ಗೊತ್ತಾಗಬೇಕು.

ಇನ್ನೂ ಚೆಂದದ್ದು ಬೇಕಾ? ಏಟು ತಿಂದೆ. ಬೈಸಿಕೊಂಡೆ. ಮೋಸ ಹೋದೆ. ಸಿಕ್ಕಿಬಿದ್ದೆ. ನಾಲ್ಕರಲ್ಲೂ ಕೆಲಸ ಮಾಡಿದವನು ಬೇರೆ, ಅನುಭವಿಸಿದವನು ನಾನು. ‘ಐ ವಾಸ್ ಬೀಟನ್’, ‘ಐ ವಾಸ್ ಸ್ಕೋಲ್ಡೆಡ್’, ‘ಐ ವಾಸ್ ಚೀಟೆಡ್’, ‘ಐ ವಾಸ್ ಕಾಟ್’. ಹತ್ತನೇ ಕ್ಲಾಸಿನ ಹುಡುಗನಿಗೆ ಈ ನಾಲ್ಕರ ಅನುಭವವೂ ಇರುತ್ತದೆ. ಅವನಿಗೆ ರಾಮ ಯಾಕೆ, ಹಣ್ಣು ಯಾಕೆ? ‘ಹುಟ್ಟಿದೆ’ ಅನ್ನುವುದನ್ನೂ ಸೇರಿಸಿ. ನಮಗದು ಸಾದಾ ಕ್ರಿಯಾಪದ, ಅದಕ್ಕೇ ಮಕ್ಕಳು ‘ಐ ಬಾರ್ನ್ ಇನ್ ಕೋಲಾರ’ ಅಂತ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಅದು ಪ್ಯಾಸಿವ್, ‘ಐ ವಾಸ್ ಬಾರ್ನ್’. ಈ ಒಂದು ವಾಕ್ಯ ಪ್ರತಿ ಮಗುವಿಗೂ ಜೀವನಪೂರ್ತಿ ಬೇಕಾಗುತ್ತದೆ. ನಿಮ್ಮ ಪಟ್ಟಿಯಲ್ಲಿ ಅದಿಲ್ಲ.

ನಮ್ಮ ಜಿಲ್ಲೆಯ ಮಾಸ್ತಿಯವರು 1914ರಲ್ಲೇ ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರು. ಅವರ ಕಥೆ ಓದಿದರೆ ಯಾರೋ ಎದುರು ಕೂತು ಮಾತಾಡಿದ ಹಾಗಿರುತ್ತದೆ. ಸುಮ್ನೆ ನೆನಪಾಯಿತು, ಅಷ್ಟೆ.

ಎರಡನೇ ತಕರಾರು ನಾಲ್ಕನೇ ಪುಟದ್ದು. “ಈ ಸೂತ್ರದಿಂದ ಯಾವ ವಾಕ್ಯವನ್ನಾದರೂ ಪ್ಯಾಸಿವ್‌ಗೆ ತಿರುಗಿಸಬಹುದು” ಅಂತ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೀರಿ. ಯಾವ ವಾಕ್ಯವನ್ನಾದರೂ? ನಿಮ್ಮದೇ ಅಭ್ಯಾಸಕ್ಕೆ ಬನ್ನಿ.

ನಾಲ್ಕನೆಯದು, ‘ವಿ ಗೋ ಟು ಸ್ಕೂಲ್’. ನಿಮ್ಮ ಉತ್ತರ ‘ಸ್ಕೂಲ್ ಈಸ್ ಗಾನ್ ಬೈ ಅಸ್’. ಶಾಲೆಯೇ ಹೊರಟುಹೋಯಿತು ಮೇಷ್ಟ್ರೇ! ‘ಗೋ’ ಅಕರ್ಮಕ. ‘ಸ್ಲೀಪ್’, ‘ಕಮ್’, ‘ಅರೈವ್’ ಕೂಡ ಹಾಗೇ. ತಿರುಗಿಸಲು ಅಲ್ಲಿ ಕರ್ಮವೇ ಇಲ್ಲ.

ಏಳನೆಯದು, ‘ಐ ಹ್ಯಾವ್ ಎ ಸೈಕಲ್’. ಇಲ್ಲಿ ಕರ್ಮ ಕಾಣುತ್ತದೆ, ಆದರೂ ‘ಎ ಸೈಕಲ್ ಈಸ್ ಹ್ಯಾಡ್ ಬೈ ಮಿ’ ಅಂತ ಯಾರೂ ಅನ್ನುವುದಿಲ್ಲ. ಒಂಬತ್ತನೆಯದು, ‘ದಿ ಪೆನ್ ಕಾಸ್ಟ್ಸ್ ಟೆನ್ ರುಪೀಸ್’. ಅದೂ ತಿರುಗದು. ಇದನ್ನು ಮಕ್ಕಳಿಗೆ ಹೇಗೆ ಹೇಳುವುದು? ಮತ್ತೆ ಕನ್ನಡಕ್ಕೇ ಬನ್ನಿ. ‘ಹಣ್ಣು ತಿಂದೆ’ಗೆ ‘ಅನ್ನು’ ಸೇರಿಸಿ, ‘ಹಣ್ಣನ್ನು ತಿಂದೆ’. ಕೂಡಿಕೊಳ್ಳುತ್ತದೆ. ‘ನನ್ನ ಹತ್ರ ಸೈಕಲ್ ಇದೆ’ಗೆ ಸೇರಿಸಿ ನೋಡಿ, ‘ಸೈಕಲ್ಲನ್ನು ಇದೆ’. ಆಗಲ್ಲ. ‘ಪೆನ್ನಿಗೆ ಹತ್ತು ರೂಪಾಯಿ’ಗೂ ಆಗಲ್ಲ. ‘ಅನ್ನು’ ಕೂಡದ ಕಡೆ ಪ್ಯಾಸಿವ್ ಬಗ್ಗೆ ಅನುಮಾನ ಪಡಬೇಕು. ಎಲ್ಲ ಕಡೆ ನಡೆಯುವ ಉಪಾಯ ಅಲ್ಲ ಇದು. ಆದರೆ ಹತ್ತನೇ ಕ್ಲಾಸಿಗೆ ಧಾರಾಳವಾಗಿ ಸಾಕು.

ಹನ್ನೊಂದನೆಯದು, ‘ಸಮ್‌ಒನ್ ಸ್ಟೋಲ್ ಮೈ ಸೈಕಲ್’. ನಿಮ್ಮ ಉತ್ತರದ ಕೊನೆಗೆ ‘ಬೈ ಸಮ್‌ಒನ್’ ನೇತಾಡುತ್ತಿದೆ. ಕದ್ದವನು ಯಾರೋ ಒಬ್ಬ ಅಂತ ಬೇರೆ ಹೇಳಬೇಕಾ? ‘ದಿ ಥೀಫ್ ವಾಸ್ ಅರೆಸ್ಟೆಡ್ ಬೈ ದಿ ಪೊಲೀಸ್’ನಲ್ಲೂ ಅಷ್ಟೇ, ಅರೆಸ್ಟ್ ಮಾಡಲು ಪೋಸ್ಟ್‌ಮ್ಯಾನ್ ಬರುತ್ತಾನಾ? ‘ಬೈ’ ಬಿಡಬಹುದು, ಎಷ್ಟೋ ಸಲ ಬಿಡಲೇಬೇಕು. ಮಾಡಿದವನ ಹೆಸರು ಬಿಡುವುದಕ್ಕೇ ಅಲ್ವಾ ಜನ ಪ್ಯಾಸಿವ್ ಬಳಸುವುದು? ‘ಮಿಸ್ಟೇಕ್ಸ್ ವರ್ ಮೇಡ್’ ಅಂತ ದೊಡ್ಡವರು ಹೇಳುವಾಗ ಅಲ್ಲಿ ‘ಬೈ’ ಇರುವುದೇ ಇಲ್ಲ, ನೋಡಿ.

ಉಳಿದದ್ದನ್ನು ನಾನು ಮುಟ್ಟಿಲ್ಲ. ಟೆನ್ಸ್ ಪಟ್ಟಿ ಹಾಗೇ ಇರಲಿ. ಆರು ಪುಟವನ್ನು ಎರಡಕ್ಕೆ ಇಳಿಸಿ, ರಾಮನಿಗೆ ರಜೆ ಕೊಡಿ, ಉದಾಹರಣೆಗಳನ್ನು ತೋಪಿನಿಂದಲೂ ಮಂಡಿಯಿಂದಲೂ ಆರಿಸಿ ತನ್ನಿ. ಶುಕ್ರವಾರ ಪುಟ ಕಟ್ಟುತ್ತೇವೆ, ಬುಧವಾರದೊಳಗೆ ಕೈಗೆ ಸಿಕ್ಕರೆ ಈ ವಾರವೇ ಹಾಕುತ್ತೇನೆ.

ನಿಮ್ಮ ಪ್ರತಿಯನ್ನು ಇದರ ಜೊತೆಗೇ ವಾಪಸ್ ಕಳಿಸಿದ್ದೇನೆ. ಕೆಂಪು ಸುತ್ತು ಕಂಡು ಬೇಜಾರಾಗಬೇಡಿ. ಎಣಿಸಿದೆ, ಆರು ಪುಟಕ್ಕೆ ಇಪ್ಪತ್ತಮೂರು ‘ಪಟ್ಟ’. ನನ್ನದು ಒಂದೇ ಹಾಳೆಗೆ ಹದಿನಾಲ್ಕು.