ಕೆಂಪು ಸ್ಕಾರ್ಫಿನ ಮಕ್ಕಳು

ಪ್ರಶ್ನೆ: ಅಟ್ಟದಲ್ಲಿ ಸಿಕ್ಕ ಹಳೆಯ ಸೋವಿಯತ್ ಮಕ್ಕಳ ಪುಸ್ತಕಗಳ ಚಿತ್ರಗಳಲ್ಲಿ ಶಾಲಾಮಕ್ಕಳೆಲ್ಲ ಕೊರಳಿಗೆ ಕೆಂಪು ಸ್ಕಾರ್ಫ್ ಕಟ್ಟಿಕೊಂಡಿದ್ದಾರೆ. ಇವರು ನಮ್ಮ ಶಾಲೆಗಳ ಸ್ಕೌಟುಗಳಂತೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಅವರನ್ನು ಪಯೊನೀರ್‌ಗಳೆಂದು ಕರೆಯುತ್ತಿದ್ದರು. ಹೊರನೋಟಕ್ಕೆ ಸ್ಕೌಟುಗಳನ್ನು ಹೋಲುವುದು ಆಕಸ್ಮಿಕವಲ್ಲ. ಸ್ಕೌಟ್ ದಳಗಳನ್ನು ವಿಸರ್ಜಿಸಬೇಕೆಂದು ಕಮ್ಯುನಿಸ್ಟ್ ಯುವಸಂಘಟನೆಯಾದ ಕೊಮ್ಸೊಮೊಲ್ 1919ರಲ್ಲೇ ನಿರ್ಣಯಿಸಿತ್ತಾದರೂ, ಮಕ್ಕಳನ್ನು ಸೆಳೆಯುವ ಸ್ಕೌಟ್ ಪದ್ಧತಿಗಳನ್ನು ಬಿಟ್ಟುಕೊಡಬಾರದೆಂದು ಲೆನಿನ್ನರ ಪತ್ನಿ, ಶಿಕ್ಷಣತಜ್ಞೆ ಕ್ರುಪ್ಸ್ಕಾಯಾ ವಾದಿಸಿದರು. 1922ರ ಮೇ 19ರಂದು ಪಯೊನೀರ್ ಸಂಘಟನೆ ಹುಟ್ಟಿದಾಗ ಶಿಬಿರ, ಕಹಳೆ, ನಗಾರಿ, ಸ್ಕಾರ್ಫ್ ಎಲ್ಲವೂ ಅದಕ್ಕೆ ಬಂದವು. ‘ಸಿದ್ಧನಾಗಿರು’ ಎಂಬ ಕರೆಗೆ ಮಕ್ಕಳು ‘ಸದಾ ಸಿದ್ಧ’ ಎಂದು ಉತ್ತರಿಸುತ್ತಿದ್ದರು. ಸ್ಕಾರ್ಫಿನ ಮೂರು ತುದಿಗಳು ಕಮ್ಯುನಿಸ್ಟರು, ಕೊಮ್ಸೊಮೊಲ್ ಸದಸ್ಯರು ಮತ್ತು ಪಯೊನೀರ್‌ಗಳೆಂಬ ಮೂರು ತಲೆಮಾರುಗಳ ಸಂಕೇತವೆಂದು ಅವರಿಗೆ ಕಲಿಸಲಾಗುತ್ತಿತ್ತು. ತಪ್ಪು ಮಾಡಿದವನ ಸ್ಕಾರ್ಫನ್ನು ಸಹಪಾಠಿಗಳೆದುರೇ ಬಿಚ್ಚಿಸುವ ಶಿಕ್ಷೆಯೂ ಇತ್ತು.

ನಮ್ಮಲ್ಲಿ ಸ್ಕೌಟಿಗೆ ಸೇರುವುದು ಬಿಡುವುದು ಮಗುವಿನ ಇಷ್ಟ. ಅಲ್ಲಿ ಕೊನೆಯ ದಶಕಗಳಲ್ಲಿ ಒಂಬತ್ತು ಹತ್ತರ ವಯಸ್ಸಿಗೆ ಬಹುತೇಕ ಇಡೀ ತರಗತಿಯೇ ಪಯೊನೀರ್ ಆಗುತ್ತಿತ್ತು; ಧಾರ್ಮಿಕ ನಂಬಿಕೆಯಿಂದ ನಿರಾಕರಿಸಿದ ಮನೆಗಳ ಮಕ್ಕಳು ಶಾಲೆಯಲ್ಲಿ ಒಂಟಿಯಾಗುತ್ತಿದ್ದರು. ಇದಕ್ಕಿಂತಲೂ ನನ್ನನ್ನು ಕಾಡುವುದು ಪಾವ್ಲಿಕ್ ಮೊರೊಜೊವ್‌ನ ಆರಾಧನೆ. 1932ರಲ್ಲಿ ಯೂರಲ್ ಪ್ರದೇಶದ ಹಳ್ಳಿಯೊಂದರಲ್ಲಿ ಕೊಲೆಯಾದ ಈ ಬಾಲಕ ಸ್ವಂತ ತಂದೆಯ ವಿರುದ್ಧ ಅಧಿಕಾರಿಗಳಿಗೆ ದೂರಿತ್ತನೆಂಬ ಕಥೆಯ ವಿವರಗಳನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಆದರೂ ದಶಕಗಳ ಕಾಲ ಅವನ ಪ್ರತಿಮೆಗಳನ್ನು ನಿಲ್ಲಿಸಿ, ಅವನಂತಾಗಿ ಎಂದು ಎಳೆಯರಿಗೆ ಬೋಧಿಸಿದ್ದನ್ನು ನಾನು ಯಾವ ಕಾರಣಕ್ಕೂ ಸಮರ್ಥಿಸಲಾರೆ.

ಹಾಗೆಂದು ಎಲ್ಲವನ್ನೂ ತಳ್ಳಿಹಾಕುವುದು ಅನ್ಯಾಯ. ಕ್ರಿಮಿಯಾದ ಕಡಲತೀರದ ಆರ್ತೆಕ್ ಶಿಬಿರವು 1925ರಲ್ಲಿ ಕೆಲವೇ ಡೇರೆಗಳಲ್ಲಿ, ಕ್ಷಯದಿಂದ ಬಳಲುವ ಮಕ್ಕಳ ಆರೈಕೆಗಾಗಿ ಆರಂಭವಾಯಿತು. ಇನ್ನು ಊರೂರಿನ ಪಯೊನೀರ್ ಭವನಗಳಲ್ಲಿ ವಿಮಾನದ ಮಾದರಿ ಕಟ್ಟುವುದು, ಚೆಸ್, ಸಂಗೀತ, ರೇಡಿಯೊ ಜೋಡಣೆಗಳನ್ನು ನುರಿತವರೇ ಉಚಿತವಾಗಿ ಕಲಿಸುತ್ತಿದ್ದರು. ಲೆನಿನ್‌ಗ್ರಾದಿನಲ್ಲಿ ರಾಜಮನೆತನಕ್ಕೆ ಸೇರಿದ್ದ ಅನಿಚ್ಕೊವ್ ಅರಮನೆಯನ್ನೇ 1937ರಲ್ಲಿ ಮಕ್ಕಳಿಗೆ ಬಿಟ್ಟುಕೊಡಲಾಯಿತು. ಮುಂದೆ ವಿಶ್ವ ಚೆಸ್ ಚಾಂಪಿಯನ್ ಆದ ಬೋರಿಸ್ ಸ್ಪಾಸ್ಕಿ ಅಲ್ಲಿ ಪಳಗಿದವರು. ಮತ್ತೊಬ್ಬ ವಿಶ್ವ ಚೆಸ್ ಚಾಂಪಿಯನ್ ಕಾಸ್ಪರೊವ್ ಅವರ ಆರಂಭಿಕ ತರಬೇತಿ ಬಾಕುವಿನ ಪಯೊನೀರ್ ಭವನದಲ್ಲಿ ನಡೆಯಿತು. ಶುಲ್ಕ ತೆರಲಾಗದ ಮನೆಯ ಮಗುವಿಗೂ ಇಂಥ ಬಾಗಿಲು ತೆರೆದಿಟ್ಟಿದ್ದು ದೊಡ್ಡ ಕೆಲಸವೆಂದೇ ನಾನು ನಂಬಿದ್ದೇನೆ.

ಸಂಘಟನೆ 1991ರಲ್ಲಿ ಸೋವಿಯತ್ ಒಕ್ಕೂಟದ ಪತನದೊಂದಿಗೆ ಮುಗಿಯಿತು. ಅನಿಚ್ಕೊವ್ ಅರಮನೆಯಲ್ಲಿ ಮಕ್ಕಳ ತರಗತಿಗಳು ಆ ಬಳಿಕವೂ ಮುಂದುವರಿದಿವೆ.