ಡಗ್ಡೇಲ್ ಬರೆದದ್ದು ಬೇರೆ, ಬಿಡಿಸಿದ್ದು ಬೇರೆ

ಪ್ರಶ್ನೆ: ಸ್ಟ್ರಾಟ್‌ಫರ್ಡ್ ಚರ್ಚಿನಲ್ಲಿರುವ ಷೇಕ್ಸ್‌ಪಿಯರನ ಪ್ರತಿಮೆಯ ಕೈಯಲ್ಲಿ ಇಂದು ಲೇಖನಿಯಿದೆ. ಆದರೆ ವಿಲಿಯಂ ಡಗ್ಡೇಲ್ ಎಂಬಾತ 1656ರಲ್ಲಿ ಪ್ರಕಟಿಸಿದ ಪುಸ್ತಕದ ಚಿತ್ರದಲ್ಲಿ ಲೇಖನಿಯೂ ಇಲ್ಲ, ಕಾಗದವೂ ಇಲ್ಲ. ಆ ಮನುಷ್ಯ ಮೂಟೆಯಂಥದ್ದೊಂದನ್ನು ಹೊಟ್ಟೆಗೆ ಅವಚಿಕೊಂಡಿದ್ದಾನೆ. ನಾಟಕಗಳನ್ನು ಬರೆದವನು ಬೇರೆ ಯಾರೋ ಎನ್ನುವವರು ಈ ಚಿತ್ರವನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ. ಡಗ್ಡೇಲ್ ಯಾರು? ಅವನನ್ನು ಎಷ್ಟರ ಮಟ್ಟಿಗೆ ನಂಬಬಹುದು?
– ಇಂಗ್ಲಿಷ್ ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆ ಚಿತ್ರಕ್ಕೆ ಅಷ್ಟು ದೊಡ್ಡ ವಾದವನ್ನು ಹೊರುವ ಶಕ್ತಿಯಿಲ್ಲ. ಡಗ್ಡೇಲ್ ಸ್ಮಾರಕದ ಎದುರು ನಿಂತು ಅವಸರದ ರೇಖಾಚಿತ್ರವೊಂದನ್ನು ಬರೆದುಕೊಂಡಿದ್ದ. ಅದನ್ನು ಆಧರಿಸಿ ಕೆತ್ತನೆಗಾರನು ತಾಮ್ರದ ಫಲಕವನ್ನು ಸಿದ್ಧಪಡಿಸಿದ. ಹೀಗೆ ಕೈಯಿಂದ ಕೈಗೆ ದಾಟುವಾಗ ಎಷ್ಟು ವ್ಯತ್ಯಾಸವಾಗಬಹುದೆಂಬುದಕ್ಕೆ ಅದೇ ಪುಸ್ತಕದಲ್ಲಿ, ಅದೇ ಚರ್ಚಿನದೇ ಉದಾಹರಣೆಯಿದೆ: ಟಾಟ್ನೆಸ್‌ನ ಅರ್ಲ್ ಜಾರ್ಜ್ ಕ್ಯಾರು ದಂಪತಿಯ ಸಮಾಧಿಯ ಚಿತ್ರವನ್ನು ಇಂದಿಗೂ ಅಲ್ಲೇ ಇರುವ ಕಲ್ಲಿನ ಸಮಾಧಿಯೊಂದಿಗೆ ಹೋಲಿಸಿದರೆ ಅದೂ ಹೊಂದುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಷೇಕ್ಸ್‌ಪಿಯರನ ಪ್ರತಿಮೆಯ ಕೆಳಗಿನ ಶಾಸನವನ್ನೂ ಡಗ್ಡೇಲ್ ಅಚ್ಚು ಹಾಕಿಸಿದ್ದಾನೆ. ವಿವೇಕದಲ್ಲಿ ಗ್ರೀಕ್ ಪುರಾಣದ ನೆಸ್ಟರ್, ಪ್ರತಿಭೆಯಲ್ಲಿ ಸಾಕ್ರೆಟಿಸ್, ಕಲೆಯಲ್ಲಿ ರೋಮಿನ ಮಹಾಕವಿ ವರ್ಜಿಲ್ ಎಂದು ಅದು ಸತ್ತವನನ್ನು ಹೊಗಳುತ್ತದೆ. ಸ್ಟ್ರಾಟ್‌ಫರ್ಡ್ ಊರಿನ ವಿವರಣೆಯಲ್ಲಿ ಡಗ್ಡೇಲ್ ತನ್ನ ಮಾತಿನಲ್ಲೇ ಅವನನ್ನು ಪ್ರಸಿದ್ಧ ಕವಿ ಎಂದು ಕರೆದಿದ್ದಾನೆ. ಚಿತ್ರವನ್ನು ಹಿಡಿದು ಜಗ್ಗಾಡುವವರು ಅದರ ಜೊತೆಗಿರುವ ಅಕ್ಷರಗಳನ್ನು ಓದದೆ ಬಿಡುವುದು ನನಗೆ ಯಾವಾಗಲೂ ಸೋಜಿಗವೆನಿಸಿದೆ.

ಇನ್ನು ಮನುಷ್ಯನ ವಿಷಯ. ಡಗ್ಡೇಲ್ 1605ರಲ್ಲಿ ವಾರಿಕ್‌ಷೈರ್ ಕೌಂಟಿಯ ಷುಸ್ಟೋಕ್ ಎಂಬ ಹಳ್ಳಿಯಲ್ಲಿ ಹುಟ್ಟಿದ. ತಂದೆಯ ಮಾತಿನಂತೆ ಹದಿಹರೆಯದಲ್ಲೇ ಮದುವೆಯಾಗಿ, ತಂದೆ ತೀರಿಕೊಂಡ ಮೇಲೆ 1625ರಲ್ಲಿ ಪಕ್ಕದ ಬ್ಲೈತ್ ಹಾಲ್ ಎಂಬ ಮನೆ-ಜಮೀನನ್ನು ಕೊಂಡು ಅಲ್ಲಿ ನೆಲೆಸಿದ. ಅವನದು ಮಧ್ಯಮ ದರ್ಜೆಯ ಜಮೀನುದಾರನ ಬದುಕು. ನೆರೆಯ ಸೈಮನ್ ಆರ್ಚರ್ ಎಂಬ ಶ್ರೀಮಂತ ತಮ್ಮ ಕೌಂಟಿಯ ಹಳೆಯ ಪತ್ರಗಳನ್ನು ಕೂಡಿಸುತ್ತಿದ್ದ. ಆ ಹುಚ್ಚು ಡಗ್ಡೇಲನಿಗೂ ಅಂಟಿಕೊಂಡಿತು. ಪತ್ರಗಳನ್ನು ಕೂಡಿಹಾಕಿದವನು ಆರ್ಚರ್; ಅವನ್ನು ಜೋಡಿಸಿ, ತಾಳೆ ನೋಡಿ ಪುಸ್ತಕ ಮಾಡಿದವನು ಡಗ್ಡೇಲ್. 1638ರಲ್ಲಿ ಲಂಡನ್ನಿಗೆ ಹೋದಾಗ ಸರ್ ಕ್ರಿಸ್ಟೊಫರ್ ಹ್ಯಾಟನ್‌ನ ಆಶ್ರಯ ದೊರೆತು, ಶ್ರೀಮಂತ ಕುಲಗಳ ಲಾಂಛನ ಮತ್ತು ವಂಶಾವಳಿಗಳ ಮೇಲ್ವಿಚಾರಣೆ ನಡೆಸುವ ರಾಜಸೇವೆಗೆ ಅವನು ಸೇರಿಕೊಂಡ. ಅದರಿಂದ ಸಂಬಳ ಬಂತು, ಅದಕ್ಕಿಂತ ಹೆಚ್ಚಾಗಿ ಸರ್ಕಾರಿ ದಾಖಲೆಗಳ ಬಾಗಿಲು ತೆರೆಯಿತು.

ರಾಜನಿಗೂ ಪಾರ್ಲಿಮೆಂಟಿಗೂ ನಡುವೆ ಯುದ್ಧದ ಮೋಡ ಕವಿದಿದ್ದ 1641ರಲ್ಲಿ ಹ್ಯಾಟನ್ ಅವನಿಗೆ ಒಪ್ಪಿಸಿದ ಕೆಲಸವೇ ಅವನ ಬದುಕಿನ ತಿರುವು ಎಂದು ನಾನು ಭಾವಿಸುತ್ತೇನೆ. ಯುದ್ಧ ನಡೆದರೆ ಚರ್ಚುಗಳ ಸಮಾಧಿ, ಬಣ್ಣದ ಗಾಜು, ಶಾಸನಗಳು ಉಳಿಯಲಾರವೆಂದು ಊಹಿಸಿದ್ದ ಹ್ಯಾಟನ್, ವಿಲಿಯಂ ಸೆಜ್‌ವಿಕ್ ಎಂಬ ಚಿತ್ರಕಾರನನ್ನು ಜೊತೆಮಾಡಿ ಡಗ್ಡೇಲನನ್ನು ಕಳುಹಿಸಿದ. ಲಂಡನ್ನಿನ ಸೇಂಟ್ ಪಾಲ್ಸ್, ವೆಸ್ಟ್‌ಮಿನ್‌ಸ್ಟರ್ ಆಬೆ, ಪೀಟರ್‌ಬರೋ, ಈಲಿ, ನಾರಿಚ್, ಲಿಂಕನ್, ಲಿಚ್‌ಫೀಲ್ಡ್ ಹೀಗೆ ಊರೂರು ಸುತ್ತಿ ಸಮಾಧಿಗಳ ಚಿತ್ರವನ್ನೂ ಬರಹವನ್ನೂ ಇಬ್ಬರೂ ಇಳಿಸಿಕೊಂಡರು. ಎರಡು ವರ್ಷ ಕಳೆಯುವಷ್ಟರಲ್ಲಿ, 1643ರಲ್ಲಿ, ಪಾರ್ಲಿಮೆಂಟಿನ ಸೈನಿಕರು ಪೀಟರ್‌ಬರೋ ಕೆಥೀಡ್ರಲ್ಲನ್ನು ಧ್ವಂಸ ಮಾಡಿದರು. ಹಳೆಯ ಸೇಂಟ್ ಪಾಲ್ಸ್ 1666ರ ಲಂಡನ್ ಬೆಂಕಿಯಲ್ಲಿ ಸುಟ್ಟುಹೋಯಿತು. ಅದರ ಒಳಾಂಗಣ ಹೇಗಿತ್ತೆಂದು ತಿಳಿಯಲು ಡಗ್ಡೇಲನ 1658ರ ಪುಸ್ತಕವನ್ನೂ, ಅದಕ್ಕೆ ಪ್ರಾಗ್ ಮೂಲದ ವೆನ್ಸೆಸ್‌ಲಾಸ್ ಹೊಲಾರ್ ಕೊರೆದ ಚಿತ್ರಗಳನ್ನೂ ಇಂದಿಗೂ ಎಲ್ಲರೂ ತೆರೆಯುತ್ತಾರೆ. ಆ ಫಲಕಗಳಲ್ಲಿ ಖರ್ಚು ಕೊಟ್ಟ ಶ್ರೀಮಂತರ ಹೆಸರೂ ಲಾಂಛನವೂ ಇವೆ. ಯುದ್ಧದಲ್ಲಿ ಸೋತ ರಾಜನ ಪಕ್ಷದವನಾಗಿ ದಂಡ ತೆತ್ತಿದ್ದ ಡಗ್ಡೇಲನಿಗೆ ಇನ್ನಾವ ರೀತಿಯಲ್ಲೂ ಅಂಥ ದುಬಾರಿ ಮುದ್ರಣ ಸಾಧ್ಯವಿರಲಿಲ್ಲ.

ಕ್ರೈಸ್ತ ಮಠಗಳ ದಾನಪತ್ರಗಳ ಮಹಾಸಂಕಲನವಾದ 'ಮೊನಾಸ್ಟಿಕಾನ್ ಆಂಗ್ಲಿಕಾನಂ' (ಮೂರು ಸಂಪುಟ: 1655, 1661, 1673) ಅವನ ಹೆಸರಿನಲ್ಲೇ ಪ್ರಸಿದ್ಧವಾಗಿದೆ. ನ್ಯಾಯವಾಗಿ ನೋಡಿದರೆ ಅದರ ಮೊದಲ ಭಾಗದ ಬಹುಪಾಲು ಶ್ರಮ ಯಾರ್ಕ್‌ಷೈರಿನ ರಾಜರ್ ಡಾಡ್ಸ್‌ವರ್ತ್‌ನದು. 1644ರ ಮುತ್ತಿಗೆಯಲ್ಲಿ ಸಿಡಿದುಹೋದ ಯಾರ್ಕಿನ ಸೇಂಟ್ ಮೇರಿ ಗೋಪುರದಲ್ಲಿದ್ದ ಮಠಪತ್ರಗಳನ್ನು ಅದಕ್ಕೂ ಮುಂಚೆ ಕೂತು ನಕಲು ಮಾಡಿದ್ದವನು ಅವನೇ. ಪುಸ್ತಕ ಹೊರಬರುವ ಮುನ್ನ, 1654ರಲ್ಲಿ, ಅವನು ತೀರಿಕೊಂಡ. ಮುಖಪುಟದಲ್ಲಿ ಅವನ ಹೆಸರನ್ನು ಡಗ್ಡೇಲ್ ಉಳಿಸಿದ. ಜನರ ಬಾಯಲ್ಲಿ ಮಾತ್ರ ಅದು ಉಳಿಯಲಿಲ್ಲ.

ನೀವು ಹೇಳಿದ 1656ರ ಪುಸ್ತಕ ವಾರಿಕ್‌ಷೈರಿನ ಇತಿಹಾಸ. ನದಿಗಳ ಜಾಡು ಹಿಡಿದು ಊರಿಂದೂರಿಗೆ ಸಾಗುವುದು ಅದರ ಕ್ರಮ. ಪ್ರತಿ ಊರಿನಲ್ಲೂ ಭೂಮಿಯ ಒಡೆತನ ಯಾರಿಂದ ಯಾರಿಗೆ ಹೋಯಿತು, ಚರ್ಚಿನ ಪಾದ್ರಿಗಳು ಯಾರು, ಕಿಟಕಿಯ ಗಾಜಿನಲ್ಲಿ ಯಾರ ಲಾಂಛನವಿದೆ ಎಂಬ ವಿವರ ಬರುತ್ತದೆ. ಅಂಚಿನಲ್ಲಿ ಯಾವ ದಾಖಲೆಯಿಂದ ಆ ಮಾತು ಬಂತೆಂಬ ಸಣ್ಣಕ್ಷರದ ಸೂಚನೆಯಿರುತ್ತದೆ. ಈ ಅಂಚಿನ ಸೂಚನೆಗಳಿಂದಾಗಿಯೇ ಅವನು ಇಂದಿಗೂ ಉಪಯೋಗಕ್ಕೆ ಬರುತ್ತಾನೆ. ವಾರಿಕ್ ಊರಿನ ಬೋಚಾಂಪ್ ಚಾಪೆಲ್‌ನ ಬಗ್ಗೆ ಬರೆಯುವಾಗ ಅವನು ಕುಶಲಕರ್ಮಿಗಳೊಂದಿಗಿನ ಒಪ್ಪಂದಗಳನ್ನೇ ಎತ್ತಿಕೊಟ್ಟಿದ್ದಾನೆ: 1447ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಗಾಜುಗಾರ ಜಾನ್ ಪ್ರಡ್, ಅಡಿಗೆ ಎರಡು ಷಿಲ್ಲಿಂಗ್ ದರದಲ್ಲಿ, ಇಂಗ್ಲೆಂಡಿನ ಗಾಜನ್ನು ಸ್ವಲ್ಪವೂ ಬಳಸದೆ ಸಮುದ್ರದಾಚೆಯ ಗಾಜನ್ನೇ ಕೂರಿಸಬೇಕೆಂದು ಒಪ್ಪಿಕೊಂಡಿದ್ದ. ಮಧ್ಯಯುಗದ ಗಾಜಿನ ಕಲೆಯನ್ನು ಅಧ್ಯಯನ ಮಾಡುವವರಿಗೆ ಈ ಒಂದು ಪ್ಯಾರಾ ಬಂಗಾರ.

ದೋಷಗಳೂ ಸಣ್ಣವಲ್ಲ. ಕುಲೀನರ ಮನೆತನಗಳು ಪುಟಗಟ್ಟಲೆ ಜಾಗ ಪಡೆದರೆ, ಉಳುವವರು ಹೆಚ್ಚಾಗಿ ಕಾಣಿಸಿಕೊಳ್ಳುವುದು ಕುರಿ ಮೇಯಿಸಲೆಂದು ಹೊಲಗಳಿಗೆ ಬೇಲಿ ಹಾಕಿ ಊರುಗಳನ್ನೇ ಖಾಲಿ ಮಾಡಿಸಿದ್ದನ್ನು ಅವನು ಖಂಡಿಸುವ ಕಡೆ ಮಾತ್ರ. ಕಾವೆಂಟ್ರಿಯ ಧಾರ್ಮಿಕ ನಾಟಕಗಳನ್ನು ಎಳೆವಯಸ್ಸಿನಲ್ಲಿ ಕಣ್ಣಾರೆ ಕಂಡಿದ್ದ ಮುದುಕರನ್ನು ಅವನು ವಿಚಾರಿಸಿದ್ದ. ಅಂಥ ಸಾಕ್ಷಿ ಇನ್ನೊಬ್ಬರಿಗೆ ಸಿಗುವಂಥದ್ದಲ್ಲ. ಆದರೆ ಆ ನಾಟಕಗಳನ್ನು ಆಡಿದವರು ಅಲ್ಲಿನ ಸನ್ಯಾಸಿಗಳೆಂದು ಬರೆದುಬಿಟ್ಟ. ವಾಸ್ತವವಾಗಿ ಆಡಿಸುತ್ತಿದ್ದವು ಊರಿನ ಕಸುಬುದಾರರ ಸಂಘಗಳು ಎಂಬುದು ಅವುಗಳ ಲೆಕ್ಕಪತ್ರಗಳಿಂದ ಆಮೇಲೆ ಸ್ಪಷ್ಟವಾಯಿತು.

ರಾಜಪ್ರಭುತ್ವ ಮರಳಿದ ಮೇಲೆ ಡಗ್ಡೇಲನ ದೆಸೆ ತಿರುಗಿತು. 1677ರಲ್ಲಿ ತನ್ನ ಇಲಾಖೆಯ ಅತ್ಯುನ್ನತ ಪದವಿಯೂ 'ಸರ್' ಬಿರುದೂ ಬಂದವು. 1686ರಲ್ಲಿ ಬ್ಲೈತ್ ಹಾಲಿನಲ್ಲೇ ತೀರಿಕೊಂಡ.

ನಿಮ್ಮ ಪ್ರಬಂಧದಲ್ಲಿ ಅವನನ್ನು ಉಲ್ಲೇಖಿಸುವುದಾದರೆ ಒಂದು ಎಚ್ಚರಿಕೆ ಇರಲಿ. ವಾರಿಕ್‌ಷೈರ್ ಇತಿಹಾಸದ ಎರಡನೆಯ ಮುದ್ರಣವನ್ನು 1730ರಲ್ಲಿ ವಿಲಿಯಂ ಥಾಮಸ್ ಎಂಬ ಪಾದ್ರಿ ವಿಸ್ತರಿಸಿ ಎರಡು ಸಂಪುಟಗಳಲ್ಲಿ ತಂದ. ಅದರಲ್ಲಿ ಓದಿದ ವಾಕ್ಯವನ್ನು 1656ರ ಪ್ರತಿಯೊಂದಿಗೆ ತಾಳೆ ನೋಡದೆ ಡಗ್ಡೇಲನ ಮಾತೆಂದು ಬರೆಯಬೇಡಿ.